ಗಂಜಿ: ಕರಾವಳಿಯ ಒಂದು ಮನೆಮಾತಿನ ಅರ್ಥ, ಬಳಕೆ ಮತ್ತು ಮೂಲ

ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ, ಸೀತಾ, ಸ್ವರ್ಣಾ, ಸೌಪರ್ಣಿಕಾ ನದಿಗಳು ಉಕ್ಕಿ ತಗ್ಗಿನ ಮನೆಗಳಿಗೆ ನೀರು ನುಗ್ಗಿದಾಗ ಸರಕಾರದ ಪ್ರಕಟಣೆಗಳಲ್ಲಿ ‘ಕಾಳಜಿ ಕೇಂದ್ರ ತೆರೆಯಲಾಗಿದೆ’ ಎಂದಿರುತ್ತದೆ. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ‘ಗಂಜಿ ಕೇಂದ್ರ’ವೇ. ಅಲ್ಲಿ ಈಗ ಬಡಿಸುವುದು ಹೆಚ್ಚಾಗಿ ಅನ್ನ, ಸಾರು, ಉಪ್ಪಿಟ್ಟು. ಆದರೂ ಗಂಜಿಯ ಹೆಸರು ಆ ಜಾಗವನ್ನು ಬಿಟ್ಟು ಹೋಗಿಲ್ಲ. ಊರು ಬಿಟ್ಟು ಬೆಳೆದ ಮಕ್ಕಳಿಗೆ ಮತ್ತು ಓದಿಗೋ ಉದ್ಯೋಗಕ್ಕೋ ಮಂಗಳೂರು, ಮಣಿಪಾಲಗಳಿಗೆ ಬಂದ ಬೇರೆ ಜಿಲ್ಲೆಯವರಿಗೆ ಇಲ್ಲಿ ಹಲವು ಪ್ರಶ್ನೆಗಳು ಏಳುವುದು ಸಹಜ. ಗಂಜಿ ಎಂದರೆ ಅನ್ನವೇ, ಅನ್ನದ ನೀರೇ? ಪಂಚೆಗೆ ಹಾಕುವ ಗಂಜಿಯೂ ಬಟ್ಟಲಿನಲ್ಲಿ ಉಣ್ಣುವ ಗಂಜಿಯೂ ಒಂದೇ ಪದವೇ? ಚೀನೀ ಹೋಟೆಲುಗಳ ಪಟ್ಟಿಯಲ್ಲಿ ಕಾಣುವ ‘ಕಾಂಜೀ’ ಎಲ್ಲಿಯದು? ಹಿರಿಯರು ಬನಿಯನ್ನಿಗೆ ಗಂಜಿಫ್ರಾಕು ಎನ್ನುತ್ತಿದ್ದುದು ಯಾಕೆ?

ಈ ಪ್ರಶ್ನೆಗಳಲ್ಲಿ ಕೊನೆಯದೊಂದನ್ನು ಬಿಟ್ಟರೆ ಉಳಿದೆಲ್ಲಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಅಕ್ಕಿ ಬೆಂದಾಗ ಅದರ ಸತ್ವ ಇಳಿದು ದಪ್ಪವಾಗುವ ನೀರು ಈ ಪದದ ನಡುಗಂಬ. ಆ ನೀರು ಎಲ್ಲೆಲ್ಲಿ ಯಾವ ಯಾವ ಕೆಲಸಕ್ಕೆ ಬಂತೋ ಅಲ್ಲೆಲ್ಲ ಪದವೂ ಜೊತೆಗೆ ಹೋಯಿತು. ಆದ್ದರಿಂದ ಪದದ ಚರಿತ್ರೆಗೆ ಹೋಗುವ ಮೊದಲು ಒಲೆಯ ಮೇಲಿನ ಪಾತ್ರೆಯನ್ನು ನೋಡುವುದು ಒಳ್ಳೆಯದು.

ಪಾತ್ರೆಯಲ್ಲಿ ನಡೆಯುವುದೇನು?

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಗಂಜಿಗೆ ಬಳಸುವುದು ಕುಚ್ಚಲಕ್ಕಿ. ಕುಚ್ಚು ಎಂದರೆ ಬೇಯಿಸು. ಭತ್ತವನ್ನು ಸಿಪ್ಪೆಸಹಿತ ನೀರಿನಲ್ಲಿ ನೆನೆಹಾಕಿ, ಬೇಯಿಸಿ ಅಥವಾ ಹಬೆ ಕೊಟ್ಟು, ಅಂಗಳದಲ್ಲಿ ಒಣಗಿಸಿ, ಅನಂತರ ಸಿಪ್ಪೆ ತೆಗೆದರೆ ಸಿಗುವುದು ಕುಚ್ಚಲಕ್ಕಿ. ಹೀಗೆ ಬೇಯಿಸದೆ ನೇರವಾಗಿ ಮಿಲ್ಲು ಮಾಡಿದ ಅಕ್ಕಿಯನ್ನು ಇಲ್ಲಿ ಬೆಳ್ತಿಗೆ ಎನ್ನುತ್ತಾರೆ. ತುಳುವಿನಲ್ಲಿ ಕುಚ್ಚಲಕ್ಕಿಗೆ ಉರ್ಪೆಲ್ ಅರಿ ಎಂಬ ಹೆಸರಿದೆ. ತೌಡು ಉಳಿಸಿಕೊಂಡ ಕೆಂಪು ಕುಚ್ಚಲಕ್ಕಿ ಕಜೆ ಅಕ್ಕಿ ಎಂದು ಅಂಗಡಿಗಳಲ್ಲಿ ಸಿಗುತ್ತದೆ.

ಭತ್ತ ಸಿಪ್ಪೆಯೊಳಗೆ ಇದ್ದಾಗಲೇ ಒಮ್ಮೆ ಬೇಯುವುದರಿಂದ ಎರಡು ಬದಲಾವಣೆಗಳಾಗುತ್ತವೆ. ತೌಡಿನಲ್ಲಿರುವ ‘ಬಿ’ ಗುಂಪಿನ ಜೀವಸತ್ವಗಳು, ಮುಖ್ಯವಾಗಿ ಥಯಾಮಿನ್, ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುತ್ತವೆ. ಮುಂದೆ ಮಿಲ್ಲಿನಲ್ಲಿ ತೌಡು ಹೋದರೂ ಅವುಗಳ ಒಂದು ಪಾಲು ಅಕ್ಕಿಯಲ್ಲೇ ಉಳಿಯುತ್ತದೆ. ಜೊತೆಗೆ ಕಾಳಿನೊಳಗಿನ ಪಿಷ್ಟವು ಬಿಸಿಗೆ ಉಬ್ಬಿ, ತಣಿದು, ಒಣಗಿ ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾದ ಕಾಳು ಎರಡನೆಯ ಬಾರಿ ಬೇಯಲು ಹೆಚ್ಚು ಹೊತ್ತು, ಹೆಚ್ಚು ನೀರು ಬೇಡುತ್ತದೆ. ಬೆಂದ ಮೇಲೆಯೂ ಅದು ನೀರಿನಲ್ಲಿ ಕರಗಿ ಮುದ್ದೆಯಾಗದೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಬೆಳ್ತಿಗೆಯಿಂದ ಗಂಜಿ ಮಾಡಿದರೆ ಕಾಳು ಒಡೆದು ನೀರಿನೊಡನೆ ಬೆರೆಯುತ್ತದೆ; ಕುಚ್ಚಲಕ್ಕಿಯ ಗಂಜಿಯಲ್ಲಿ ಕಾಳೂ ನೀರೂ ಒಟ್ಟಿಗೆ ಇದ್ದೂ ಬೇರೆಬೇರೆಯಾಗಿ ಇರುತ್ತವೆ. ಕರಾವಳಿಯವರು ಗಂಜಿ ಎಂದಾಗ ಮನಸ್ಸಿನಲ್ಲಿ ಮೂಡುವ ಚಿತ್ರ ಇದೇ.

ಅಕ್ಕಿಯ ತೂಕದಲ್ಲಿ ಮುಕ್ಕಾಲು ಪಾಲು ಪಿಷ್ಟವೇ. ನೀರು 60 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾಗುತ್ತ ಹೋದಂತೆ ಪಿಷ್ಟದ ಸೂಕ್ಷ್ಮ ಕಣಗಳು ನೀರು ಹೀರಿ ಉಬ್ಬುತ್ತವೆ, ಅವುಗಳ ಒಂದಂಶ ಕಾಳಿನಿಂದ ಹೊರಗೆ ಬಂದು ನೀರಿಗೆ ಸೇರುತ್ತದೆ. ಪಾತ್ರೆಯ ನೀರು ಮೊದಲು ಮಬ್ಬಾಗಿ, ಆಮೇಲೆ ನೊರೆಯುಕ್ಕಿ, ಕೊನೆಗೆ ಬೆರಳಿಗೆ ಅಂಟುವಷ್ಟು ದಪ್ಪವಾಗುವುದು ಇದರಿಂದ. ಅನ್ನ ಬೇಕಾದವರು ಪಾತ್ರೆಯ ಬಾಯಿಗೆ ತಟ್ಟೆ ಮುಚ್ಚಿ, ಬಟ್ಟೆ ಹಿಡಿದು ಬಗ್ಗಿಸಿ ಈ ನೀರನ್ನು ಬಸಿಯುತ್ತಾರೆ. ಹಾಗೆ ಬಸಿದ ನೀರಿಗೆ ಕನ್ನಡದಲ್ಲಿ ತಿಳಿ ಎಂದೂ ತುಳುವಿನಲ್ಲಿ ತೆಳಿ ಎಂದೂ ಹೆಸರು. ಬಸಿಯದೆ ಕಾಳನ್ನೂ ತಿಳಿಯನ್ನೂ ಒಟ್ಟಿಗೆ ಬಡಿಸಿದರೆ ಗಂಜಿ ಊಟ. ‘ಬಿ’ ಜೀವಸತ್ವಗಳು ನೀರಿನಲ್ಲಿ ಕರಗುವಂಥವಾದುದರಿಂದ ಅನ್ನ ಬಸಿದಾಗ ಅವುಗಳಲ್ಲಿ ಒಂದಷ್ಟು ತಿಳಿಯೊಡನೆ ಹೊರಟುಹೋಗುತ್ತವೆ. ಗಂಜಿ ಉಣ್ಣುವವರಿಗೆ ಅವು ತಟ್ಟೆಯಲ್ಲೇ ಸಿಗುತ್ತವೆ.

ಉಣ್ಣುವುದೋ, ಕುಡಿಯುವುದೋ?

ಒಂದು ಪದಾರ್ಥವನ್ನು ಜನ ಏನೆಂದು ಭಾವಿಸುತ್ತಾರೆ ಎಂಬುದನ್ನು ಅದರ ಪಕ್ಕದ ಕ್ರಿಯಾಪದ ಹೇಳಿಬಿಡುತ್ತದೆ. ಕುಂದಾಪುರದಿಂದ ಸುಳ್ಯದವರೆಗೆ ಗಂಜಿಯ ಜೊತೆಗೆ ಸಹಜವಾಗಿ ಬರುವ ಮಾತು ‘ಊಟ’. ಬಂದರಿನ ಬಳಿಯ ಚಿಕ್ಕ ಹೋಟೆಲಿನಲ್ಲಿಯೂ ಪೇಟೆಯ ದೊಡ್ಡ ಹೋಟೆಲಿನಲ್ಲಿಯೂ ‘ಗಂಜಿ ಊಟ’ ಎಂದೇ ಹಲಗೆ. ಅದರೊಂದಿಗೆ ಮಾವಿನ ಮಿಡಿಯ ಉಪ್ಪಿನಕಾಯಿ, ಹುರುಳಿ ಚಟ್ನಿ, ಹಪ್ಪಳ, ಒಂದು ಪಲ್ಯ. ಮೀನು ತಿನ್ನುವವರಿಗೆ ಸುಟ್ಟ ಒಣಮೀನು ಅಥವಾ ಒಣ ಸಿಗಡಿಯ ಚಟ್ನಿ. ಇವೆಲ್ಲವೂ ಖಾರ, ಹುಳಿ, ಉಪ್ಪು ಮುಂದಾಗಿರುವ ಪದಾರ್ಥಗಳೇ. ಗಂಜಿಗೆ ಸ್ವಂತದ ರುಚಿ ಬಹಳ ಸೌಮ್ಯವಾದುದರಿಂದ ನಂಜಿಕೊಳ್ಳುವ ವಸ್ತು ಹೀಗೆ ಚುರುಕಾಗಿರಬೇಕಾಗುತ್ತದೆ.

ಬಯಲುಸೀಮೆಯ ಹಲವೆಡೆ ಗಂಜಿಯನ್ನು ಕುಡಿಯುತ್ತಾರೆ. ಅಲ್ಲಿ ಗಂಜಿ ಎಂದರೆ ಅನ್ನ ಬಸಿದ ನೀರು, ಇಲ್ಲವೇ ಅಕ್ಕಿಯ ನುಚ್ಚು, ರವೆ, ರಾಗಿಹಿಟ್ಟು ಇತ್ಯಾದಿಗಳನ್ನು ನೀರಿನಲ್ಲಿ ತೆಳುವಾಗಿ ಕುದಿಸಿದ ಪೇಯ. ಜ್ವರ ಬಂದವರಿಗೆ, ಹಲ್ಲಿಲ್ಲದವರಿಗೆ, ಎಳೆಮಕ್ಕಳಿಗೆ ಕೊಡುವಂಥದು. ರಾಗಿಹಿಟ್ಟಿನಿಂದಲೇ ಮಾಡುವ ಅಂಬಲಿಯನ್ನು ಅಲ್ಲಿನವರು ಗಂಜಿಯಿಂದ ಬೇರೆಯಾಗಿಯೇ ಎಣಿಸುತ್ತಾರೆ. ದಕ್ಷಿಣಕ್ಕೆ ಕಾಸರಗೋಡು ದಾಟಿದರೆ ಮಲಯಾಳದಲ್ಲಿಯೂ ಗಂಜಿಯನ್ನು ‘ಕುಡಿಯುವುದೇ’. ಆದರೆ ಅಲ್ಲಿ ಅದರಲ್ಲಿ ಕಾಳು ಧಾರಾಳವಾಗಿರುತ್ತದೆ, ಒಂದು ಹೊತ್ತಿನ ಊಟವೂ ಆಗಿರುತ್ತದೆ. ಕ್ರಿಯಾಪದ ಮಾತ್ರ ಹಳೆಯ ನೀರಿನ ನೆನಪನ್ನು ಉಳಿಸಿಕೊಂಡಂತೆ ತೋರುತ್ತದೆ.

ಈ ವ್ಯತ್ಯಾಸದಿಂದ ಪ್ರಾಯೋಗಿಕವಾದ ತೊಡಕೂ ಉಂಟಾಗುತ್ತದೆ. ಕರಾವಳಿಯ ಆಸ್ಪತ್ರೆಗಳಿಗೆ ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಕಡೆಯಿಂದ ರೋಗಿಗಳು ಬರುತ್ತಾರೆ. ‘ಎರಡು ದಿನ ಗಂಜಿ ಮಾತ್ರ ಕೊಡಿ’ ಎಂಬ ಸೂಚನೆಯನ್ನು ಇಲ್ಲಿಯವರು ಮೆತ್ತಗೆ ಬೆಂದ ಅನ್ನ ಮತ್ತು ತಿಳಿ ಎಂದು ತಿಳಿಯಬಹುದು, ಅಲ್ಲಿಯವರು ಕಾಳೇ ಇಲ್ಲದ ನೀರು ಎಂದು ತಿಳಿಯಬಹುದು. ಶಸ್ತ್ರಚಿಕಿತ್ಸೆಯ ಅನಂತರ ದ್ರವಾಹಾರ ಮಾತ್ರ ಕೊಡಬೇಕಾದ ರೋಗಿಗೆ ಈ ಎರಡರ ನಡುವಿನ ಅಂತರ ಸಣ್ಣದಲ್ಲ. ಕಾಳು ಇರಬೇಕೋ, ಸೋಸಬೇಕೋ, ಉಪ್ಪು ಹಾಕಬಹುದೋ ಎಂದು ವೈದ್ಯರನ್ನೋ ನರ್ಸನ್ನೋ ಸ್ಪಷ್ಟವಾಗಿ ಕೇಳಿಕೊಳ್ಳುವುದೇ ಸರಿ. ಭೇದಿಯಾದಾಗ ಉಪ್ಪು ಬೆರೆಸಿದ ತಿಳಿ ಕೊಡುವ ಮನೆಯ ರೂಢಿಗೆ ವೈದ್ಯಕೀಯದ ಆಧಾರವೂ ಇದೆ. ದೇಹ ಕಳೆದುಕೊಂಡ ನೀರು ಮತ್ತು ಲವಣವನ್ನು ಮತ್ತೆ ಒಳಗೆ ಸೇರಿಸಲು ಕರುಳಿಗೆ ಗ್ಲೂಕೋಸ್ ನೆರವಾಗುತ್ತದೆ, ಅಕ್ಕಿಯ ಪಿಷ್ಟ ಒಡೆದಾಗ ಸಿಗುವುದು ಅದೇ ಗ್ಲೂಕೋಸ್. ಅಕ್ಕಿ ಆಧಾರಿತ ಪುನರ್ಜಲೀಕರಣ ದ್ರಾವಣಗಳನ್ನು ರೂಪಿಸಿರುವುದು ಈ ತತ್ವದ ಮೇಲೆಯೇ. ಆದರೆ ಅವುಗಳಲ್ಲಿ ಲವಣಗಳ ಪ್ರಮಾಣ ಲೆಕ್ಕದಂತೆ ಇರುತ್ತದೆ, ಮನೆಯ ತಿಳಿ ಆ ಲೆಕ್ಕಕ್ಕೆ ಸಮವಲ್ಲ.

ಆಟಿ ತಿಂಗಳ ಮೆಂತೆ ಗಂಜಿ

ತುಳುನಾಡಿನಲ್ಲಿ ಗಂಜಿಗೆ ದಿನದ ಊಟದ ಆಚೆಗೂ ಒಂದು ಸ್ಥಾನವಿದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಿನ ಅಮಾವಾಸ್ಯೆಯಂದು ಹಾಲೆ ಮರದ, ಅಂದರೆ ಸಪ್ತಪರ್ಣಿಯ, ತೊಗಟೆಯ ಕಷಾಯ ಕುಡಿಯುವ ಪದ್ಧತಿಯಿದೆ. ನಸುಕಿನಲ್ಲಿ ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆಯನ್ನು ಅರೆದು, ರಸ ಹಿಂಡಿ, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಬಿಸಿ ಮಾಡಿ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಅದು ಬಹಳ ಕಹಿ, ದೇಹಕ್ಕೆ ಉಷ್ಣ ಎಂಬುದು ನಂಬಿಕೆ. ಆ ಉಷ್ಣ ತಣಿಯಲೆಂದು ಆಮೇಲೆ ಉಣ್ಣುವುದೇ ಮೆಂತೆ ಗಂಜಿ. ತುಳುವಿನಲ್ಲಿ ಮೆತ್ತೆದ ಗಂಜಿ.

ಅದನ್ನು ಮಾಡುವ ಬಗೆ ಹೀಗೆ. ಹಿಂದಿನ ರಾತ್ರಿ ನೆನೆಹಾಕಿದ ಮೆಂತೆಕಾಳನ್ನು ಅಕ್ಕಿಯೊಡನೆ ಬೇಯಲು ಇಡುತ್ತಾರೆ. ಕಾಳು ಬೆರಳಿಗೆ ಮೆತ್ತಗಾಗಿ, ಮೆಂತೆಯ ಲೋಳೆ ನೀರಿಗೆ ಇಳಿದ ಮೇಲೆ ಬೆಲ್ಲ ಹಾಕುತ್ತಾರೆ. ಬೆಲ್ಲ ಬೇಗ ಬಿದ್ದರೆ ಮೆಂತೆ ಸರಿಯಾಗಿ ಬೇಯುವುದಿಲ್ಲ. ಕೊನೆಗೆ ತೆಂಗಿನಕಾಯಿಯ ಹಾಲು ಸುರಿದು, ಒಂದು ಕುದಿ ಬರುವಷ್ಟರಲ್ಲಿ ಕೆಳಗಿಳಿಸುತ್ತಾರೆ. ಹೆಚ್ಚು ಕುದಿದರೆ ಹಾಲು ಒಡೆಯುತ್ತದೆ. ಪಾಯಸದಂತೆ ಸಿಹಿಯಾಗಿ, ದಪ್ಪವಾಗಿ ಇರುವ ಈ ಪದಾರ್ಥವನ್ನು ಕರಾವಳಿಯವರು ಪಾಯಸ ಎನ್ನದೆ ಗಂಜಿ ಎಂದೇ ಕರೆಯುತ್ತಾರೆ. ಅಕ್ಕಿಯ ಕಾಳು ತನ್ನ ತಿಳಿಯೊಡನೆ ಉಳಿಯಬೇಕು ಎಂಬ ಲಕ್ಷಣ ಇಲ್ಲಿಯೂ ಪಾಲನೆಯಾಗುತ್ತದೆ, ಉಪ್ಪಿನ ಬದಲು ಬೆಲ್ಲ ಬಂದರೂ ಹೆಸರು ಬದಲಾಗುವುದಿಲ್ಲ. ಗಂಜಿ ಎಂಬುದು ರುಚಿಯ ಹೆಸರಾಗಿರದೆ ಬೇಯುವ ವಿಧಾನದ ಹೆಸರು ಎಂಬುದಕ್ಕೆ ನನಗೆ ತಿಳಿದಿರುವ ಅತ್ಯುತ್ತಮ ಸಾಕ್ಷಿ ಇದು.

ಬಟ್ಟೆಗೆ ಹಾಕುವ ಗಂಜಿ

ಹತ್ತಿಯ ಸೀರೆಗೂ ಪಂಚೆಗೂ ಹಾಕುವ ಗಂಜಿ ಬೇರೆ ಪದವಲ್ಲ. ಅದು ಅದೇ ತಿಳಿ. ಪಿಷ್ಟ ತುಂಬಿದ ನೀರಿನಲ್ಲಿ ಬಟ್ಟೆಯನ್ನು ಅದ್ದಿ ಹಿಂಡಿ ಒಣಗಿಸಿದಾಗ ನೀರು ಆವಿಯಾಗಿ ಹೋಗುತ್ತದೆ, ನೂಲಿನ ಎಳೆಗಳ ಸುತ್ತ ಪಿಷ್ಟದ ತೆಳುವಾದ ಪೊರೆ ಉಳಿಯುತ್ತದೆ. ಆ ಪೊರೆ ಎಳೆಗಳನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಬಟ್ಟೆಗೆ ಗರಿಗರಿ ಬರುತ್ತದೆ, ಇಸ್ತ್ರಿಯ ಬಿಸಿಗೆ ನುಣುಪೂ ಬರುತ್ತದೆ. ಧೂಳು ನೇರವಾಗಿ ನೂಲಿಗೆ ಹತ್ತದೆ ಪೊರೆಗೆ ಹತ್ತುವುದರಿಂದ ಮುಂದಿನ ಒಗೆತದಲ್ಲಿ ಪಿಷ್ಟದೊಡನೆ ಕೊಳೆಯೂ ಸುಲಭವಾಗಿ ಹೋಗುತ್ತದೆ. ಗಂಜಿ ಹಾಕಿದ ಬಟ್ಟೆಯನ್ನು ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿ ಇಡಬಾರದು ಎಂದು ಮನೆಯ ಹಿರಿಯ ಹೆಂಗಸರು ಹೇಳುವುದಕ್ಕೂ ಇದೇ ಕಾರಣ: ಪಿಷ್ಟ ಆಹಾರವಾದುದರಿಂದ ತೇವ ಸೇರಿದ ಕೂಡಲೇ ಬೂಷ್ಟು ಹಿಡಿಯುತ್ತದೆ, ಹುಳುಗಳೂ ಬರುತ್ತವೆ.

ಬಟ್ಟೆಯಾಗುವುದಕ್ಕೆ ಮೊದಲೇ ನೂಲಿಗೂ ಗಂಜಿ ಬೇಕು. ಕೈಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸುನೂಲು, ಅಡ್ಡಕ್ಕೆ ಓಡುವ ಹೊಕ್ಕುನೂಲು ಎಂದು ಎರಡು ಬಗೆ. ನೇಯುವಾಗ ಹಾಸುನೂಲು ಮತ್ತೆ ಮತ್ತೆ ಉಜ್ಜಿಸಿಕೊಳ್ಳುವುದರಿಂದ ಹಾಗೆಯೇ ಬಿಟ್ಟರೆ ಎಳೆ ಬಿಚ್ಚಿ ತುಂಡಾಗುತ್ತದೆ. ಅಕ್ಕಿಯ ಗಂಜಿ ಸವರಿ ಒಣಗಿಸಿದ ನೂಲು ನಯವಾಗಿ, ಬಲವಾಗಿ ನಿಲ್ಲುತ್ತದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿರುವ ಉಡುಪಿ ಸೀರೆಯೂ ಹೀಗೆ ಗಂಜಿ ಉಂಡ ನೂಲಿನಿಂದಲೇ ಮೈತಳೆದದ್ದು. ಅನ್ನಕ್ಕೆ ಬಳಸುವ ಅಕ್ಕಿಯೇ ಉಡುವ ಬಟ್ಟೆಗೂ ಬಲ ಕೊಟ್ಟ ಈ ಊರಿನಲ್ಲಿ ಎರಡಕ್ಕೂ ಒಂದೇ ಹೆಸರಿರುವುದು ತೀರ ಸಹಜ.

ಪದದ ಮೂಲ

ತುಳುನಾಡಿನ ಕುಟುಂಬದ ಮನೆಯನ್ನು ನೆನೆಯಿರಿ. ಕವಲುಗಳು ಒಡೆದು ಒಬ್ಬರು ಮೂಲ್ಕಿಯಲ್ಲಿ, ಒಬ್ಬರು ಕಾರ್ಕಳದಲ್ಲಿ, ಒಬ್ಬರು ಮುಂಬಯಿಯಲ್ಲಿ ನೆಲೆಸಿರುತ್ತಾರೆ. ಮಾತಿನ ಧಾಟಿ ಬೇರೆಯಾಗಿರುತ್ತದೆ. ದೈವದ ಕೋಲಕ್ಕೆ ಎಲ್ಲರೂ ಒಂದೆಡೆ ಸೇರಿದಾಗ ಮುಖಲಕ್ಷಣದಿಂದ ಒಂದೇ ಮನೆಯವರೆಂದು ಗೊತ್ತಾಗುತ್ತದೆ. ಒಂದೇ ಮೂಲದ ಭಾಷೆಗಳಲ್ಲಿ ಪದಗಳ ಸ್ಥಿತಿಯೂ ಹೀಗೆಯೇ ಇರುತ್ತದೆ. ಕನ್ನಡ, ತುಳು, ತೆಲುಗುಗಳಲ್ಲಿ ‘ಗಂಜಿ’, ತಮಿಳಿನಲ್ಲಿ ‘ಕಂಜಿ’, ಮಲಯಾಳದಲ್ಲಿ ‘ಕಞ್ಞಿ’. ಟಿ. ಬರೋ ಮತ್ತು ಎಂ. ಬಿ. ಎಮಿನೊ ಸಿದ್ಧಪಡಿಸಿ 1961ರಲ್ಲಿ ಮೊದಲು ಪ್ರಕಟಿಸಿದ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶ ಇವನ್ನೆಲ್ಲ ಒಂದೇ ಗುಂಪಿನಲ್ಲಿ ಇರಿಸುತ್ತದೆ.

ಈ ರೂಪಗಳು ಬೇರೆಯಾದದ್ದು ಮನಬಂದಂತೆ ಅಲ್ಲ. ಪದದ ಮೊದಲಲ್ಲಿ ತಮಿಳಿನಲ್ಲಿ ‘ಕ’ ಇರುವ ಕಡೆ ಕನ್ನಡದಲ್ಲಿ ಕೆಲವೊಮ್ಮೆ ‘ಗ’ ಬರುತ್ತದೆ. ತಮಿಳಿನ ಕಿಳಿ ನಮ್ಮ ಗಿಳಿ, ತಮಿಳಿನ ಕೂಡು ನಮ್ಮ ಗೂಡು. ಅದೇ ದಾರಿಯಲ್ಲಿ ಕಂಜಿ, ಗಂಜಿಯಾಗಿದೆ. ಮಲಯಾಳದಲ್ಲಿ ‘ಂಜ’ ಎಂಬ ಜೋಡಿ ‘ಞ್ಞ’ ಎಂದು ಮೃದುವಾಗುವುದು ನಿಯಮ. ಅರಿಶಿನಕ್ಕೆ ತಮಿಳಿನಲ್ಲಿ ಮಂಜಳ್, ತುಳುವಿನಲ್ಲಿ ಮಂಜಲ್, ಮಲಯಾಳದಲ್ಲಿ ಮಞ್ಞಳ್. ಹೀಗೆ ಒಂದು ಪದದಲ್ಲಿ ಕಾಣುವ ಬದಲಾವಣೆ ಬೇರೆ ಪದಗಳಲ್ಲಿಯೂ ಅದೇ ಕ್ರಮದಲ್ಲಿ ಕಂಡರೆ ಮಾತ್ರ ಭಾಷಾಶಾಸ್ತ್ರಜ್ಞರು ಆ ಪದಗಳನ್ನು ಒಂದೇ ಮೂಲದವೆಂದು ಒಪ್ಪುತ್ತಾರೆ. ಕೇಳಲು ಒಂದೇ ತೆರನಾಗಿರುವುದಷ್ಟೇ ಸಾಲದು.

ಮೊದಲ ಅರ್ಥ ಯಾವುದಿರಬಹುದು? ಇಲ್ಲಿ ಹಳೆಯ ತಮಿಳು ಕಾವ್ಯ ‘ಪಟ್ಟಿನಪ್ಪಾಲೈ’ ನೆರವಿಗೆ ಬರುತ್ತದೆ. ಸಂಗಂ ಕಾಲದ ಈ ಕೃತಿ ಕಾವೇರಿ ಕಡಲು ಸೇರುವಲ್ಲಿದ್ದ ಕಾವೇರಿಪೂಂಪಟ್ಟಿನಂ ಎಂಬ ಬಂದರು ನಗರವನ್ನು ವರ್ಣಿಸುತ್ತದೆ. ಅಲ್ಲಿನ ಅನ್ನಶಾಲೆಗಳಲ್ಲಿ ಅನ್ನ ಬಸಿದ ಕೊಬ್ಬಿದ ಕಂಜಿ ಹೊಳೆಯಂತೆ ಹರಡಿ ಬೀದಿಗೆ ಹರಿಯಿತು, ಅದರಲ್ಲಿ ಹೋರಿಗಳು ಕಾದಾಡಿ ಕೆಸರಾಯಿತು ಎಂದು ಕವಿ ಹೇಳುತ್ತಾನೆ. ಬೀದಿಗೆ ಹರಿಯುವ ಕಂಜಿ ಎಂದರೆ ಕಾಳು ತೆಗೆದ ಮೇಲೆ ಉಳಿಯುವ ಪಿಷ್ಟದ ನೀರಲ್ಲದೆ ಬೇರೆ ಆಗಲಾರದು. ಬಯಲುಸೀಮೆಯವರು ಹೇಳುವ ಅರ್ಥಕ್ಕೂ ಬಟ್ಟೆಯ ಗಂಜಿಗೂ ಇಷ್ಟು ಹಳೆಯ ಬೆಂಬಲವಿದೆ. ನೀರಿನ ಹೆಸರು ಕಾಲಾಂತರದಲ್ಲಿ ಆ ನೀರಿನೊಡನೆ ಉಣ್ಣುವ ಅನ್ನಕ್ಕೂ ಹಬ್ಬಿತು ಎಂದು ನಾನು ಈ ಆಧಾರದಿಂದ ಭಾವಿಸುತ್ತೇನೆ. ಅಂಥ ಹಬ್ಬುವಿಕೆ ಆಹಾರದ ಪದಗಳಲ್ಲಿ ಅಪರೂಪವಲ್ಲ. ತಮಿಳಿನಲ್ಲಿ ‘ಕೂೞ್’ ಎಂದರೆ ಹಿಟ್ಟಿನ ಅಂಬಲಿ, ಕನ್ನಡದಲ್ಲಿ ಅದೇ ‘ಕೂಳು’ ಅನ್ನವೂ ಹೌದು, ಊಟವೂ ಹೌದು.

ಸಂಸ್ಕೃತದಲ್ಲಿ ‘ಕಾಂಜಿಕ’ ಎಂಬ ಪದವಿದೆ. ಅದರ ಅರ್ಥ ಹುಳಿ ಬರಿಸಿದ ಗಂಜಿನೀರು. ಅಮರಕೋಶ ಇದಕ್ಕೆ ಆರನಾಲಕ, ಸೌವೀರ, ಧಾನ್ಯಾಮ್ಲ ಮೊದಲಾದ ಪರ್ಯಾಯಗಳನ್ನು ಕೊಡುತ್ತದೆ. ಆಯುರ್ವೇದದಲ್ಲಿ ಕಾಂಜಿಕವು ಔಷಧಗಳ ತಯಾರಿಕೆಗೆ ಬೇಕಾಗುವ ದ್ರವ. ಇದನ್ನು ನೋಡಿ ಗಂಜಿ ಸಂಸ್ಕೃತದಿಂದ ಬಂದ ತದ್ಭವ ಎಂದು ಕೆಲವರು ಹೇಳುವುದುಂಟು. ಆದರೆ ವೇದಸಾಹಿತ್ಯದಲ್ಲಿ ಗಂಜಿಗೆ ಕಾಣುವ ಹೆಸರು ‘ಯವಾಗು’. ಅದು ಯವ, ಅಂದರೆ ಜವೆಗೋಧಿಯಿಂದ ಹುಟ್ಟಿದ ಪದ. ಕಾಂಜಿಕ ಕಾಣಿಸುವುದು ಅನಂತರದ ವೈದ್ಯ ಗ್ರಂಥಗಳಲ್ಲಿ ಮತ್ತು ಕೋಶಗಳಲ್ಲಿ. ದಕ್ಷಿಣದ ಭಾಷೆಗಳಲ್ಲಿ ಈ ಪದ ವ್ಯಾಪಕವಾಗಿ, ದಿನಬಳಕೆಯ ಅನ್ನದೊಡನೆ ಬೆಸೆದುಕೊಂಡಿರುವುದರಿಂದ ಸಂಸ್ಕೃತವೇ ಇದನ್ನು ದ್ರಾವಿಡದಿಂದ ಪಡೆದಿದೆ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ನನಗೂ ಅದೇ ಹೆಚ್ಚು ಒಪ್ಪಿಗೆಯಾಗುತ್ತದೆ. ಉತ್ತರ ಭಾರತದಲ್ಲಿ ಹೋಳಿಯ ಹೊತ್ತಿಗೆ ಕಪ್ಪು ಕ್ಯಾರೆಟ್ ಮತ್ತು ಸಾಸಿವೆಯಿಂದ ಹುಳಿ ಬರಿಸಿ ಕುಡಿಯುವ ‘ಕಾಂಜಿ’ಯೂ ಒಡಿಶಾದ ಹುಳಿ ಸಾರು ‘ಕಾಂಜಿ’ಯೂ ಈ ಹುಳಿಯ ಕವಲಿಗೆ ಸೇರಿದವು.

ನಮ್ಮ ಊರಿನಲ್ಲಿಯೇ ಗಂಜಿಗೆ ಇನ್ನೊಂದು ಹೆಸರೂ ಇದೆ. ಗೌಡ ಸಾರಸ್ವತರು ಮತ್ತು ಕೆಥೊಲಿಕರು ಆಡುವ ಕೊಂಕಣಿಯಲ್ಲಿ ಅದು ‘ಪೇಜ್’. ಈ ಪದ ಗಂಜಿಯ ಕುಟುಂಬಕ್ಕೆ ಸೇರಿದ್ದಲ್ಲ. ಆಯುರ್ವೇದವು ಅಕ್ಕಿಯ ಗಂಜಿಯನ್ನು ನೀರಿನ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸುತ್ತದೆ: ಕಾಳಿಲ್ಲದ ತಿಳಿ ಮಂಡ, ಸ್ವಲ್ಪ ಕಾಳಿರುವ ತೆಳು ಗಂಜಿ ಪೇಯಾ, ಗಟ್ಟಿಯಾದದ್ದು ವಿಲೇಪಿ. ಇವುಗಳಲ್ಲಿ ಪೇಯಾ ಎಂಬುದು ಪ್ರಾಕೃತದಲ್ಲಿ ‘ಪೆಜ್ಜಾ’ ಆಗಿ, ಮರಾಠಿ, ಕೊಂಕಣಿಗಳಲ್ಲಿ ಪೇಜ್ ಆಗಿ ಉಳಿದಿದೆ. ಒಂದೇ ಕೇರಿಯ ಎರಡು ಮನೆಗಳಲ್ಲಿ ಒಂದೇ ಕುಚ್ಚಲಕ್ಕಿ, ಒಂದೇ ಉಪ್ಪಿನಕಾಯಿ, ಒಂದೇ ಹೊತ್ತು. ಆದರೆ ಬಟ್ಟಲಿನ ಹೆಸರು ಒಂದು ಮನೆಯಲ್ಲಿ ದ್ರಾವಿಡದ್ದು, ಪಕ್ಕದ ಮನೆಯಲ್ಲಿ ಸಂಸ್ಕೃತದ್ದು. ಕರಾವಳಿಯ ಭಾಷಾಚರಿತ್ರೆಯನ್ನು ಇಷ್ಟು ಹತ್ತಿರದಿಂದ ತೋರಿಸುವ ಇನ್ನೊಂದು ಪದಾರ್ಥ ಸಿಗುವುದು ಕಷ್ಟ.

ಕಡಲು ದಾಟಿದ ಪದ

1498ರಲ್ಲಿ ಕೋಝಿಕ್ಕೋಡಿನ ಬಳಿ ಬಂದಿಳಿದ ಪೋರ್ಚುಗೀಸರು ಮಲಬಾರಿನ ಕರಾವಳಿಯಲ್ಲಿ ಈ ಆಹಾರವನ್ನೂ ಅದರ ಹೆಸರನ್ನೂ ಕಲಿತರು. ಗೋವೆಯಲ್ಲಿ ವೈದ್ಯನಾಗಿದ್ದ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಗ್ರಂಥದಲ್ಲಿ, ಅಕ್ಕಿಯ ನೀರಿಗೆ ಕಾಳುಮೆಣಸು, ಜೀರಿಗೆ ಸೇರಿಸಿ ರೋಗಿಗೆ ಕುಡಿಸುವುದನ್ನೂ ಅದಕ್ಕೆ ‘ಕಾಂಜೆ’ ಎನ್ನುವುದನ್ನೂ ಬರೆದಿದ್ದಾನೆ. ಪದ ಪೋರ್ಚುಗಲ್ಲಿಗೆ ಹೋಗಿ ‘ಕಾಂಜ’ ಆಯಿತು. ಈಗ ಅಲ್ಲಿಯೂ ಬ್ರೆಜಿಲಿನಲ್ಲಿಯೂ ಅಕ್ಕಿ ಹಾಕಿದ ಕೋಳಿ ಸಾರಿಗೆ ಅದೇ ಹೆಸರು. ಬ್ರೆಜಿಲಿನ ಆಡುಮಾತಿನಲ್ಲಿ ಸುಲಭವಾದ ಕೆಲಸವನ್ನೂ ‘ಕಾಂಜ’ ಎನ್ನುತ್ತಾರೆ.

ಇಂಗ್ಲಿಷಿನ ‘ಕಾಂಜೀ’ ಇದೇ ಮೂಲದ್ದು. ಬ್ರಿಟಿಷ್ ಸೈನ್ಯದ ತುಕಡಿಗಳಲ್ಲಿ ತಪ್ಪು ಮಾಡಿದವರನ್ನು ಕೂಡಿಹಾಕುವ ಕೋಣೆಗೆ ‘ಕಾಂಜೀ ಹೌಸ್’ ಎನ್ನುತ್ತಿದ್ದರು, ಒಳಗಿದ್ದವರಿಗೆ ಸಿಗುತ್ತಿದ್ದ ಊಟ ಅದೆಂಬ ಕಾರಣಕ್ಕೆ. ಮುಂದೆ ಇಂಗ್ಲಿಷರು ಪೂರ್ವ ಏಷ್ಯಾದಲ್ಲಿ ಕಂಡ ಅಕ್ಕಿಗಂಜಿಗೂ ಇದೇ ಪದವನ್ನು ಬಳಸಿದ್ದರಿಂದ ಕಾಂಜೀ ಚೀನೀ ಪದವೆಂಬ ತಪ್ಪು ತಿಳಿವಳಿಕೆ ಹರಡಿತು. ಚೀನೀಯರು ತಮ್ಮ ಗಂಜಿಗೆ ಮ್ಯಾಂಡರಿನ್ನಿನಲ್ಲಿ ‘ಝೋ’ ಎಂದೂ ಕ್ಯಾಂಟನೀಸಿನಲ್ಲಿ ‘ಜೂಕ್’ ಎಂದೂ ಹೇಳುತ್ತಾರೆ. ಮಲಯ ಮತ್ತು ಇಂಡೋನೇಷ್ಯದ ಭಾಷೆಗಳಲ್ಲಿ ‘ಕಾಂಜಿ’ ಎಂದರೆ ಪಿಷ್ಟ. ಅಲ್ಲಿಗೆ ತಲಪಿದ್ದು ನಮ್ಮ ಬ‌ಟ್ಟೆಯ ಗಂಜಿ ಎನ್ನಬೇಕು.

ಹಸಿವಿನ ಹೆಸರು

ಹಿಡಿ ಅಕ್ಕಿಗೆ ನೀರು ಹೆಚ್ಚಿಸುತ್ತ ಹೋದರೆ ಇಬ್ಬರ ಊಟ ನಾಲ್ವರಿಗೆ ಸಾಲುತ್ತದೆ. ಬರ, ನೆರೆ, ರೋಗಗಳ ಕಾಲದಲ್ಲಿ ದೊಡ್ಡ ಗುಂಪಿಗೆ ಬೇಗ ಉಣ್ಣಿಸಲು ಗಂಜಿಯೇ ಒದಗಿದ್ದು ಇದರಿಂದ. ಬಹಳ ಹೊತ್ತು ಹಸಿದ ಹೊಟ್ಟೆಗೆ ಅದು ಭಾರವಾಗುವುದೂ ಇಲ್ಲ. ತಮಿಳಿನಲ್ಲಿ ಇಂಥ ಸ್ಥಳಕ್ಕೆ ‘ಕಂಜಿತ್ತೊಟ್ಟಿ’ ಎಂದರು, ಕನ್ನಡದಲ್ಲಿ ‘ಗಂಜಿ ಕೇಂದ್ರ’ ಎಂದರು. ಕಡತದಲ್ಲಿ ಹೆಸರು ‘ಕಾಳಜಿ ಕೇಂದ್ರ’ವೆಂದು ಬದಲಾಗಿರುವುದು ಆಶ್ರಯ ಪಡೆದವರ ಘನತೆಗೆ ಕುಂದಾಗದಿರಲಿ ಎಂಬ ದೃಷ್ಟಿಯಿಂದ ಒಳ್ಳೆಯದೇ.

ಏಕೆಂದರೆ ಪದದೊಳಗೆ ಬಡತನದ ಅರ್ಥವೂ ಸೇರಿಕೊಂಡಿದೆ. ‘ಗಂಜಿಗೂ ಗತಿಯಿಲ್ಲ’ ಎಂದರೆ ಕಡುಬಡತನ; ‘ಗಂಜಿ ಕುಡಿದಾದರೂ ಬದುಕುತ್ತೇನೆ’ ಎಂದರೆ ಯಾರ ಹಂಗಿಗೂ ಬೀಳಲಾರೆ ಎಂಬ ಸ್ವಾಭಿಮಾನ. ಇವೆರಡೂ ಗಂಜಿಯನ್ನು ಊಟದ ಕೊನೆಯ ಮೆಟ್ಟಿಲೆಂದು ಎಣಿಸಿದ ಮಾತುಗಳು. ಕರಾವಳಿಯಲ್ಲಿ ಮಾತ್ರ ಗದ್ದೆ ಇದ್ದವರೂ ಇಲ್ಲದವರೂ ಬೆಳಗ್ಗೆ ಉಂಡದ್ದು ಗಂಜಿಯನ್ನೇ. ಹಾಗಾಗಿ ಇಲ್ಲಿ ಅದನ್ನು ಉಣ್ಣುತ್ತೇನೆ ಎಂದು ಹೇಳಿಕೊಳ್ಳಲು ಯಾರೂ ಹಿಂಜರಿಯುವುದಿಲ್ಲ.

ಗಂಜಿಯಂತೆ ಕೇಳಿಸುವ ಬೇರೆ ಪದಗಳು

ಇನ್ನು ಗಂಜಿಫ್ರಾಕು. ಇದಕ್ಕೂ ಅಕ್ಕಿಗೂ ಸಂಬಂಧವಿಲ್ಲ. ಇಂಗ್ಲೆಂಡ್ ಮತ್ತು ಫ್ರಾನ್ಸಿನ ನಡುವಿನ ಕಡಲಿನಲ್ಲಿ ಗರ್ನ್‌ಸಿ ಎಂಬ ದ್ವೀಪವಿದೆ. ಅಲ್ಲಿನ ಬೆಸ್ತರೂ ನಾವಿಕರೂ ತೊಡುತ್ತಿದ್ದ ಹೆಣೆದ ಮೇಲಂಗಿಗೆ ‘ಗರ್ನ್‌ಸಿ ಫ್ರಾಕ್’ ಎಂದು ಹೆಸರಾಯಿತು. ಆ ಹೆಸರು ಭಾರತಕ್ಕೆ ಬಂದು, ಹೆಣೆದ ಒಳಂಗಿಗೆ ಹತ್ತಿ, ಬಂಗಾಳಿ ಮತ್ತು ಹಿಂದಿಯಲ್ಲಿ ‘ಗಂಜಿ’ಯಂಥ ರೂಪ ತಳೆಯಿತು, ಕನ್ನಡದಲ್ಲಿ ಗಂಜಿಫ್ರಾಕು ಆಯಿತು. ಕಿವಿಗೆ ಪರಿಚಯವಿಲ್ಲದ ‘ಗರ್ನ್‌ಸಿ’ಯನ್ನು ಜನ ಪರಿಚಯವಿದ್ದ ‘ಗಂಜಿ’ಯ ಅಚ್ಚಿಗೆ ಹೊಯ್ದರು. ಗೋಲ ಎಲೆಗಳ ಇಸ್ಪೀಟಿನಾಟ ಗಂಜೀಫಾ ಕೂಡ ಬೇರೆಯೇ. ಅದರ ಹೆಸರು ಪಾರಸಿಯ ದಾರಿಯಿಂದ ಬಂದದ್ದು.

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವಾಗ ಕೈಕಂಬದ ಮುಂದೆ ಸಿಗುವ ಗಂಜಿಮಠದ ಹೆಸರನ್ನು ಕೇಳಿದವರು, ಅಲ್ಲಿ ದಾರಿಹೋಕರಿಗೆ ಗಂಜಿ ಬಡಿಸುವ ಮಠವಿದ್ದಿರಬೇಕು ಎಂದು ಊಹಿಸುವುದು ಸಹಜ. ಆದರೆ ಗಂಜಿಫ್ರಾಕಿನ ಉದಾಹರಣೆ ಕಣ್ಣ ಮುಂದೆ ಇರುವಾಗ, ಸ್ಥಳನಾಮವೊಂದರ ಮೂಲವನ್ನು ಹೇಳಲು ಹಳೆಯ ಕಡತ, ಶಾಸನ, ಊರಿನ ಹಿರಿಯರ ಮಾತು ಇವುಗಳ ಬೆಂಬಲ ಬೇಕು, ಪದಗಳ ಹೋಲಿಕೆಯೊಂದನ್ನೇ ನಂಬಬಾರದು.